ಕೂತವರ ಅಳತೆ

ಮಾರ್ಚ್ ೪, ಮಂಗಳವಾರ

ಇದನ್ನು ಯಾರಿಗೂ ಹೇಳುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಂಡ ಎದೆ ಕೊಯ್ಯಿಸಿಕೊಂಡು ಆಸ್ಪತ್ರೆಯಿಂದ ಬಂದು ಇನ್ನೂ ತಿಂಗಳಾಗಿಲ್ಲ, ಹೆಂಡತಿ ದೋಣಿ ವ್ಯಾಪಾರಕ್ಕೆ ಹೊರಟಿದ್ದಾಳೆ ಎಂದರೆ ಕೇಳಿದವರು ಏನೆಂದುಕೊಂಡಾರು! ಅದೂ ಮೀನು ಹಿಡಿಯುವ ದೋಣಿಯಲ್ಲ. ಎಪ್ಪತ್ತು ಅಡಿ ಉದ್ದದ, ಓಪನ್ ಮಾದರಿಯ ಸ್ಪೋರ್ಟ್ ಯಾಟ್. ಹಾಗೆಂದರೇನೆಂದು ನನಗೆ ಹೋದ ವಾರದವರೆಗೂ ಗೊತ್ತಿರಲಿಲ್ಲ. ಈಗ ಇಷ್ಟು ಗೊತ್ತು: ಅದಕ್ಕೆ ಮೇಲೊಂದು ಮಹಡಿ ಇರುವುದಿಲ್ಲ. ನಡೆಸುವವರು, ಸುಮ್ಮನೆ ಕೂತವರು, ಬಿಸಿಲಿಗೆ ಮೈಯೊಡ್ಡಿ ಮಲಗಿದವರು ಎಲ್ಲರೂ ಒಂದೇ ನೆಲದ ಮೇಲೆ. ಗುಂಡಿ ಒತ್ತಿದರೆ ತಲೆಯ ಮೇಲಿನ ಸೂರು ಹಿಂದಕ್ಕೆ ಸರಿಯುತ್ತದೆ.

ಇವರದು ಹಳೆಯ ಹುಚ್ಚು. ನಮ್ಮ ಹಾಸಿಗೆ ಕಾರ್ಖಾನೆಯ ತಗಡಿನ ಸೂರಿನಡಿ ಫೋಮಿನ ಧೂಳು ಕುಡಿಯುತ್ತ ಅರ್ಧ ಆಯುಸ್ಸು ಕಳೆದವರು. "ಒಂದಿನ ಸೂರಿಲ್ಲದ ಕಡೆ ಕೂತು ಬರೀ ಗಾಳಿ ಕುಡೀಬೇಕು ಕಣೇ" ಎಂದು ಹೇಳುತ್ತಲೇ ಇದ್ದರು. ಕಾರ್ಖಾನೆ ಮಾರಿದೆವು. ಮಾರಿದ ತಿಂಗಳೇ ಎದೆ ಕೈಕೊಟ್ಟಿತು.

ದೋಣಿ ಕಟ್ಟುವ ಕಂಪನಿಯವರ ಹತ್ತಿರ ಎರಡು ಬರಿಯ ಒಡಲು ಸಿದ್ಧವಾಗಿವೆಯಂತೆ, ಒಂದು ಕಪ್ಪು, ಒಂದು ಬಿಳಿ. ಹತ್ತಿ ನೋಡಲು ಅಂಥವೇ ಎರಡು ಪೂರ್ತಿ ದೋಣಿಗಳನ್ನು ನೀರಿನಲ್ಲಿ ನಿಲ್ಲಿಸಿರುತ್ತಾರೆ, ನಮ್ಮದನ್ನು ಆರಿಸಿದ ಮೇಲೆ ಕಟ್ಟಿಕೊಡುತ್ತಾರೆ. ಯಾವುದೆಂದು ಏಪ್ರಿಲ್ ಮುಗಿಯುವುದರೊಳಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನ ವರ್ಷ. ಡಾಕ್ಟರು ಆರು ತಿಂಗಳು ಪ್ರಯಾಣವೇ ಕೂಡದೆಂದಿದ್ದಾರೆ. "ಮುಂದಿನ ವರ್ಷ ತಗೊಂಡ್ರಾಯ್ತು ಬಿಡಿ" ಎಂದೆ. ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಅವತ್ತಿನಿಂದ ಎದ್ದಿಲ್ಲ. ದಿನಾ ನಡೆಯಬೇಕು, ನಡೆಯದಿದ್ದರೆ ಮಾಡಿದ ಆಪರೇಷನ್ನೆಲ್ಲ ನೀರುಪಾಲು ಎಂದು ಡಾಕ್ಟರು ಬೈದರೂ ಏಳಲಿಲ್ಲ. ನನಗೆ ಭಯವಾಯಿತು. ನಿಜವಾದ ಭಯ.

ಕೊನೆಗೆ ಇವತ್ತು ಒಂದು ಒಪ್ಪಂದವಾಯಿತು. ನಾನು ಹೋಗಿ ದೋಣಿ ಹತ್ತಿ ನೋಡಿಕೊಂಡು ಬಂದ ದಿನ ಇವರು ಗೇಟಿನವರೆಗೆ ನಡೆಯುತ್ತಾರೆ. ಬಕೆಟ್ಟಿನ ನೀರು ತುಳುಕಿದರೆ ತಲೆ ಸುತ್ತುವವಳು ನಾನು. ಒಪ್ಪಿದೆ.

ಮಾರ್ಚ್ ೯, ಭಾನುವಾರ

ಹೋಗಿ ಬಂದೆ. ಸತ್ತು ಬಂದೆ ಎಂದರೂ ಸರಿಯೇ.

ದಡಕ್ಕೂ ದೋಣಿಗೂ ನಡುವೆ ಒಂದು ಹಲಗೆ. ಹಲಗೆಯ ಕೆಳಗೆ ನೀರು. ನೀರು ಸುಮ್ಮನಿರುವುದಿಲ್ಲ. ಕಾಲಿಡಲೇ ಆಗದೆ ಫೋನಿನಲ್ಲಿ ಇವರಿಗೆ ವೀಡಿಯೊ ಕರೆ ಮಾಡಿ ಜಗಳ ತೆಗೆದೆ. ಹಾಸಿಗೆಯ ಮೇಲಿಂದಲೇ ಹೇಳಿಕೊಟ್ಟರು: "ಕೈ ಹಿಡ್ಕೋ. ಕಾಲು ನೋಡ್ಬೇಡ, ಎದುರಿಗೆ ನೋಡು." ಕೈ ಹಿಡಿಯಲು ಅಲ್ಲಿದ್ದವನು ಮಾರಾಟದವನು ಮಾತ್ರ. ಹಾಲಿನಷ್ಟು ಬಿಳಿಯ ಬೂಟು ಹಾಕಿಕೊಂಡು ಬಂದಿದ್ದ. ದೋಣಿಯ ಮೇಲೆ ಯಾರೂ ಚಪ್ಪಲಿ ಬೂಟು ಹಾಕುವಂತಿಲ್ಲವಂತೆ, ಹಲಗೆಯ ಬುಡದಲ್ಲೇ ಬುಟ್ಟಿ ಇಟ್ಟಿರುತ್ತಾರೆ. ಅಷ್ಟು ಚಂದದ ಬೂಟು ಬಿಚ್ಚಿದ್ದೇ ತಡ, ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ನನ್ನ ಭಯ ಅರ್ಧ ಇಳಿಯಿತು. ಇನ್ನು ಇವನು ನನ್ನ ಪಾಲಿಗೆ ಬಿಳಿಬೂಟು.

ಕಪ್ಪು ದೋಣಿ ನೋಡಿದೆ. ಮೂಗು ಚೂಪು, ಇಡೀ ಮೈ ಮಿರಿಮಿರಿ. ಇವರು ಮೊದಲಿನಿಂದ ಆಸೆಪಟ್ಟದ್ದು ಇದನ್ನೇ. ಬಿಳಿಬೂಟು ಎಂಜಿನ್ನಿನ ಶಕ್ತಿ, ವೇಗ ಎಂದು ಏನೇನೋ ಬಡಬಡಿಸುತ್ತಿದ್ದ. ನಾನು ಹಿಂದಿನ ಸೋಫಾ ಕಂಡವಳೇ ಮುಷ್ಟಿಯಿಂದ ಗುದ್ದಿ ನೋಡಿದೆ. ಮೇಲೆ ಮೆತ್ತಗೆ, ಒಳಗೆ ಟೊಳ್ಳು.

"ಮೇಡಂ, ಏನ್ ಮಾಡ್ತಿದ್ದೀರಾ?"

"ಫೋಮ್ ನೋಡ್ತಿದ್ದೀನಪ್ಪಾ. ಎರಡು ಬೇಸಿಗೆ ಬರಲ್ಲ ಇದು, ತಗ್ಗು ಬೀಳುತ್ತೆ."

"ಮೇಡಂ, ಇದು ಯಾಟ್."

"ಯಾಟ್ ಆದ್ರೆ ಕೂರೋರಿಗೆ ಸೊಂಟ ಇರಲ್ವಾ?"

ಪಾಪ, ಮುಖ ಸಪ್ಪಗಾಯಿತು. ಮನೆಗೆ ಬಂದು ಹೇಳಿದಾಗ ಇವರು ಎದೆ ಒತ್ತಿ ಹಿಡಿದುಕೊಂಡು ನಕ್ಕರು. ನಗಬೇಡಿ, ಹೊಲಿಗೆ ಬಿಚ್ಚುತ್ತದೆ ಎಂದು ಗದರಿದೆ. ಗೇಟಿನವರೆಗೆ ನಡೆದರು. ಮೂರು ಕಡೆ ನಿಂತರು, ಆದರೂ ನಡೆದರು.

ಮಾರ್ಚ್ ೧೭, ಸೋಮವಾರ

ತಲೆ ಗಿರ್ರೆನ್ನುತ್ತಿದೆ. ಇವತ್ತು ಬಿಳಿಯದನ್ನು ನೋಡಿದೆ. ಎಂಜಿನ್ ಎರಡು ಸಾಕೇ, ಮೂರು ಬೇಕೇ? ಛಾವಣಿ ಗಾಜಿನದೋ ಬಟ್ಟೆಯದೋ? ಒಳಗೆ ಮಲಗುವ ಕೋಣೆ ಮೂರೋ ನಾಲ್ಕೋ? ದೋಣಿಯ ಹೊಟ್ಟೆಯೊಳಗೆ ಒಂದು ಮರಿದೋಣಿ ಇಡಲು ಜಾಗ ಬೇಕೇ ಬೇಡವೇ? ಮರಿದೋಣಿ ಏಕೆಂದರೆ ದೊಡ್ಡದು ದಡದ ಹತ್ತಿರ ಹೋಗಲಾಗದ ಕಡೆ ಅದರಲ್ಲಿ ಹೋಗಬೇಕಂತೆ. ದಡಕ್ಕೆ ಹೋಗಲಾಗದ ದೋಣಿಯನ್ನು ಯಾರಾದರೂ ಏಕೆ ಕೊಳ್ಳುತ್ತಾರೆ?

ಕಪ್ಪಿನ ಮುಂದೆ ನಿಂತರೆ ಕಪ್ಪೇ ಸರಿ ಎನಿಸುತ್ತದೆ, ಬಿಳಿಯದರ ಮುಂದೆ ನಿಂತರೆ ಬಿಳಿಯದೇ. ಮನೆಗೆ ಬಂದರೆ ಎರಡೂ ಬೇಡ, ಒಂದು ಗಟ್ಟಿ ನೆಲ ಸಾಕು ಎನಿಸುತ್ತದೆ. ಇವರು ನಾನು ತೆಗೆದ ಫೋಟೊಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, "ಸ್ಟೀರಿಂಗ್ ಫೋಟೊನೇ ಇಪ್ಪತ್ತು ಇದೆಯಲ್ಲೇ, ಮಲಗೋ ಕೋಣೆದು ಒಂದೂ ಇಲ್ವಾ?" ಎಂದರು. ಕೈ ತಪ್ಪಿ ಒತ್ತಿರಬೇಕು.

ಮಾರ್ಚ್ ೨೬, ಬುಧವಾರ

ತಲೆನೋವು. ಹೋಗಲಿಲ್ಲ. ನಾನು ಹೋಗಲಿಲ್ಲವೆಂದು ಇವರೂ ಏಳಲಿಲ್ಲ. ಮಕ್ಕಳ ಹಾಗೆ.

ಏಪ್ರಿಲ್ ೩, ಗುರುವಾರ

ಇವತ್ತು ಎರಡನ್ನೂ ಸಮುದ್ರಕ್ಕೆ ಒಯ್ದು ಓಡಿಸಿ ತೋರಿಸಿದರು. ಕೊಳ್ಳುವ ಮುಂಚೆ ಹೀಗೆ ಓಡಿಸಿ ನೋಡುವುದು ಪದ್ಧತಿಯಂತೆ. ನಾನು ಹಲಗೆ ದಾಟಿ ಹೋಗಿ ಕಾಫಿ ಲೋಟ ಹಿಡಿದುಕೊಂಡು ಒಂದು ಮೂಲೆಯಲ್ಲಿ ಕೂತೆ. ಕಾಫಿ ಚೆಲ್ಲಲಿಲ್ಲ, ಅದನ್ನು ಬರೆದಿಡಬೇಕು.

ಕಪ್ಪು ಒಳ್ಳೆಯ ವೇಗದ ದೋಣಿ. ಆದರೆ ಅದರ ಎದುರಿನ ಗಾಜು ತೀರ ತಗ್ಗು. ಬಿಳಿಯದರಲ್ಲಿ ಹೋಗುವಾಗ ಬಿಳಿಬೂಟು, "ನೀವೂ ಸ್ವಲ್ಪ ಹಿಡ್ಕೊಳ್ಳಿ ಮೇಡಂ, ಸಾಹೇಬ್ರಿಗೆ ಹೇಗಿತ್ತು ಅಂತ ಹೇಳ್ಬೇಕಲ್ಲ" ಎಂದ. ಬೇಡ ಬೇಡವೆಂದೆ. ಆಮೇಲೆ, ಇವರು ಕೇಳಿದರೆ ಏನು ಹೇಳಲಿ ಎಂದುಕೊಂಡು ಹಿಡಿದೆ.

ಹೇಗೆ ಬರೆಯುವುದೋ ತಿಳಿಯದು. ಮೊದಲು ದೋಣಿಯ ಮೂಗು ಮೇಲೆದ್ದಿತು, ಎದುರಿಗೆ ಬರೀ ಆಕಾಶ. ಮುಗಿಯಿತು ಕಥೆ ಎಂದುಕೊಂಡೆ. ಇನ್ನೂ ಸ್ವಲ್ಪ ವೇಗ ಕೊಡಿ ಎಂದ. ಕೊಟ್ಟೆ. ಇದ್ದಕ್ಕಿದ್ದಂತೆ ಮೂಗು ಕೆಳಗಿಳಿದು ದೋಣಿ ನೀರಿನ ಮೇಲೆ ಮಟ್ಟಸವಾಗಿ ಕೂತಿತು. ಆಮೇಲೆ ಭಾರವೇ ಇಲ್ಲ. ಸೂರು ತೆಗೆದಿದ್ದರು. ನನ್ನ ತಲೆಗೆ ಕಟ್ಟಿದ್ದ ಬಟ್ಟೆ ಗಾಳಿಗೆ ಹಾರಿ ಸಮುದ್ರದ ಪಾಲಾಯಿತು. ಮಗಳು ತಂದುಕೊಟ್ಟದ್ದು, ಹೋಗಲಿ. ಐದು ನಿಮಿಷವೆಂದು ಹಿಡಿದದ್ದು, ಬಿಳಿಬೂಟು ಗಡಿಯಾರ ನೋಡಿ ಕೆಮ್ಮಿದಾಗ ಒಂದು ಗಂಟೆ ದಾಟಿತ್ತು. ಅಷ್ಟು ಹೊತ್ತು ನೋಡಿದ್ದು ಇವರಿಗೋಸ್ಕರವೇ. ನಡೆಸುವವರಿಗೆ ಕೈ ನೋಯುತ್ತದೋ ಇಲ್ಲವೋ ತಿಳಿಯಬೇಕಲ್ಲ. ನೋಯುವುದಿಲ್ಲ.

ಇವರು ಗೇಟು ದಾಟಿ ಬೀದಿಯ ತಿರುವಿನವರೆಗೆ ಹೋಗಿದ್ದರಂತೆ. ಪಕ್ಕದ ಮನೆಯವರು ಹೇಳಿದರು. ಇವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ದೋಣಿಯ ಮಾತಿನಲ್ಲಿ ಮರೆತೇಹೋಯಿತು.

ಏಪ್ರಿಲ್ ೧೯, ಶನಿವಾರ

ಮಗಳು ಬಂದಿದ್ದಳು. ಅಪ್ಪನ ಗುಳಿಗೆ ಡಬ್ಬಿ ನೋಡಿದಳು, ರಕ್ತದೊತ್ತಡ ನೋಡಿದಳು, ಆಮೇಲೆ ಅಡುಗೆಮನೆಗೆ ಬಂದು ನನ್ನ ಮೇಲೆ ಹರಿಹಾಯ್ದಳು.

"ಅಮ್ಮ, ಅಪ್ಪನಿಗೆ ಹೀಗಿರೋವಾಗ ಇದೆಲ್ಲ ಬೇಕಾ? ಅರ್ಧ ಗಂಟೆಯಿಂದ ಎದುರಿನ ಗಾಜು, ಗಾಜಿನ ಎತ್ತರ ಅಂತಾನೇ ಇದ್ದೀಯ."

"ನಿಮ್ಮಪ್ಪನ ಆಸೆ ಕಣೇ. ನಂಗೇನು ಚಟವಾ?"

"ಅಪ್ಪ ಇವತ್ತು ದೋಣಿ ಅನ್ನೋ ಮಾತೇ ಎತ್ತಲಿಲ್ಲ. ನೋಡಿದ್ಯಾ?"

ನೋಡಿರಲಿಲ್ಲ.  ಆಮೇಲೆ ಸಿಟ್ಟು ಬಂತು, ಅವಳ ಮೇಲೋ ಇವರ ಮೇಲೋ ಗೊತ್ತಿಲ್ಲ. ನಾನು ಯಾರಿಗಾಗಿ ಓಡಾಡುತ್ತಿದ್ದೇನೆ? ನೀರೆಂದರೆ ಆಗದವಳು! ನಾಳೆಯೇ ಎಲ್ಲ ಬಿಟ್ಟುಬಿಡೋಣ ಎಂದುಕೊಂಡೆ. ಹಾಗೆಂದುಕೊಂಡ ಕೂಡಲೇ ಎದೆಯೊಳಗೆ ಏನೋ ಹಿಂಡಿದಂತಾಯಿತು. ಇವರ ಕಾಯಿಲೆ ನನಗೂ ಹತ್ತಿತೇನೋ. ಮಗಳು ನನ್ನ ರಕ್ತದೊತ್ತಡವನ್ನೂ ನೋಡಿದಳು. ಸರಿಯಾಗಿಯೇ ಇದೆ.

ಏಪ್ರಿಲ್ ೨೮, ಸೋಮವಾರ

ಇವತ್ತು ಹೇಳಲೇಬೇಕಿತ್ತು. ಬೆಳಿಗ್ಗೆ ಕಪ್ಪು ಎಂದುಕೊಂಡು ಎದ್ದೆ. ಮಧ್ಯಾಹ್ನ ಬಿಳಿ. ಇವರನ್ನು ಕೇಳಿದರೆ, "ನಿಂಗೆ ಯಾವುದು ಅನ್ಸುತ್ತೋ ಅದು" ಎಂದು ಪೇಪರಿನ ಹಿಂದೆ ಅಡಗಿಕೊಂಡರು. ಮೂವತ್ತು ವರ್ಷ ಕಪ್ಪು ಕಪ್ಪು ಎಂದು ಜಪಿಸಿದವರು ಆಡುವ ಮಾತೇ ಇದು?

ಕೊನೆಗೆ ಬಿಳಿಯದೇ ಎಂದೆ. ಕಾರಣ ಸರಿಯಾಗಿಯೇ ಇದೆ: ಕಪ್ಪಿನಲ್ಲಿ ಕೋಣೆಗೆ ಇಳಿಯುವ ಮೆಟ್ಟಿಲು ಕಡಿದು, ಇವರಿಗೆ ಏದುಸಿರು ಬರುತ್ತದೆ. ಬಿಳಿಯದರ ಫೋಮ್ ಗಟ್ಟಿ. ಅದಲ್ಲದೆ ಬಿಳಿಯದರಲ್ಲಿ ಚುಕ್ಕಾಣಿಯ ಮುಂದೆ ಕೂತರೆ ಇಡೀ ಸಮುದ್ರ ಒಂದೇ ನೋಟಕ್ಕೆ ಸಿಗುತ್ತದೆ. ಬಿಳಿಬೂಟು ಫೋನಿನಲ್ಲೇ ಕುಣಿದಾಡಿದ.

"ಒಳ್ಳೇದಾಯ್ತು" ಎಂದರು ಇವರು, ಪೇಪರಿನ ಹಿಂದಿನಿಂದಲೇ.

ಮೇ ೭, ಬುಧವಾರ

ದೋಣಿ ಕಟ್ಟುವ ಕಾರ್ಖಾನೆಗೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಗೊತ್ತಾಯಿತು, ಅದೇ ಅಂಟಿನ ವಾಸನೆ, ಅದೇ ತಗಡಿನ ಸೂರು. ನಮ್ಮ ಕಾರ್ಖಾನೆಗೆ ಮರಳಿ ಬಂದಂತಾಗಿ ಕಣ್ಣು ತುಂಬಿತು. ಅಂಟಿನ ಘಾಟು ಎಂದು ಸುಳ್ಳು ಹೇಳಿದೆ.

ಅಲ್ಲಿ ಒಂದು ತಮಾಷೆ ನೋಡಿದೆ. ದೋಣಿಯ ಚುಕ್ಕಾಣಿಯ ಭಾಗವನ್ನು ಮಾತ್ರ ಪ್ಲೈವುಡ್‌ನಲ್ಲಿ ನಿಜವಾದ ಅಳತೆಗೇ ಮಾಡಿ ನೆಲದ ಮೇಲೆ ನಿಲ್ಲಿಸಿರುತ್ತಾರೆ. ದೋಣಿ ನಡೆಸುವವರು ಅದರಲ್ಲಿ ಕೂರಬೇಕು, ನಿಲ್ಲಬೇಕು, ಚಕ್ರ ತಿರುಗಿಸಬೇಕು. ಸೀಟು ಕೂರಿಸುವ ಮೇಸ್ತ್ರಿ ಪಕ್ಕದಲ್ಲಿ ನಿಂತು ಅವರ ಕಣ್ಣು ಯಾವ ಎತ್ತರಕ್ಕೆ ಬರುತ್ತದೆಂದು ಪೆನ್ಸಿಲ್ಲಿನಿಂದ ಹಲಗೆಯ ಮೇಲೆ ಗೆರೆ ಎಳೆಯುತ್ತಾನೆ. ಎದುರಿನ ಗಾಜಿನ ಮೇಲಂಚಿಗೆ ಒಂದು ದಪ್ಪ ಪಟ್ಟಿ ಇದೆ, ಸೂರು ಸರಿಯುವುದು ಅದರ ಮೇಲೆ. ಸೀಟಿನ ಎತ್ತರ, ಕಾಲಿಡುವ ಮೆಟ್ಟು, ಆ ಪಟ್ಟಿ, ಎಲ್ಲವೂ ಆ ಒಂದು ಗೆರೆಯ ಲೆಕ್ಕದಲ್ಲೇ. ಗೇಣು ಹೆಚ್ಚುಕಡಿಮೆಯಾದರೆ ಪಟ್ಟಿ ಸರಿಯಾಗಿ ಕಣ್ಣಿಗಡ್ಡ ಬಂದು ಸಮುದ್ರವೇ ಕಾಣುವುದಿಲ್ಲ. ಒಮ್ಮೆ ಕೂರಿಸಿದರೆ ಮತ್ತೆ ಬದಲಿಸಲಾಗದು.

"ನಡೆಸೋರೇ ಕೂತ್ಕೋಬೇಕು ತಾಯಿ, ಬೇರೆಯವ್ರು ಕೂತ್ರೆ ಆಗಲ್ಲ" ಎಂದ ಮೇಸ್ತ್ರಿ.

ಕೂತೆ. ಬೆನ್ನು ನೇರ ಮಾಡಿ ಎಂದ. ಮಾಡಿದೆ. ಗೆರೆ ಎಳೆದ. ಎದ್ದು ನಿಲ್ಲಿ ಎಂದ. ನಿಂತೆ. ಇನ್ನೊಂದು ಗೆರೆ. ನನಗೆ ಒಂದು ಕೈ ಚಕ್ರದ ಮೇಲೆ, ಒಂದು ಕೈ ವೇಗದ ಹಿಡಿಯ ಮೇಲೆ ಇಡುವುದು ಅಭ್ಯಾಸವೆಂದೆ, ಹಿಡಿಯನ್ನು ಸ್ವಲ್ಪ ಹತ್ತಿರ ತಂದ. ಸೀಟಿನ ಫೋಮ್ ಮಾತ್ರ ನಾನು ಹೇಳಿದ್ದೇ ಹಾಕಬೇಕೆಂದೆ. ಅದಕ್ಕೂ ಸೈ ಎಂದ. ತುಂಬ ದಿನಗಳ ಮೇಲೆ ಒಂದು ಕೆಲಸ ಗೊಂದಲವಿಲ್ಲದೆ ಮುಗಿಯಿತು.

ಮೇ ೮, ಗುರುವಾರ

ಇವರು ಏನೂ ಕೇಳಲಿಲ್ಲ. ನಾನೇ ಎಲ್ಲ ಹೇಳಿದೆ, ಪ್ಲೈವುಡ್ಡು, ಮೇಸ್ತ್ರಿ, ಫೋಮು. ಕೈಯಲ್ಲಿ ಚಕ್ರ ಹಿಡಿದು ತೋರಿಸುತ್ತ ಹೇಳಿದೆ. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಇವರಿಗೆ ಫೋನು ಬಂತು. ಎದ್ದು ವರಾಂಡಕ್ಕೆ ಹೋಗಿ ಮಾತಾಡಿದರು. "ಹೌದು, ಅದೇ ಸರಿ" ಎಂದದ್ದು ಕೇಳಿಸಿತು. ಯಾರೆಂದರೆ, "ಯಾರೋ, ಲೆಕ್ಕಾಚಾರದೋರು" ಎಂದರು. ಮತ್ತೆ ಬಂದು ಕೂತು ಟೀವಿ ಹಾಕಿದರು.

ಗೋಡೆಗೆ ಹೇಳಿದ ಹಾಗಾಯಿತು. ಅತ್ತುಬಿಟ್ಟೆ, ಬಚ್ಚಲಿನಲ್ಲಿ, ನಲ್ಲಿ ಬಿಟ್ಟುಕೊಂಡು. ಇವರಿಗೆ ಬದುಕಿನ ಮೇಲೇ ಆಸೆ ಹೋಯಿತೇ? ಹಾಗಾದರೆ ದಿನಾ ಎರಡು ಬೀದಿ ನಡೆಯುವುದೇಕೆ? ಮುಖ ನೋಡಿದರೆ ಬೇಸರವೂ ಇದ್ದಂತಿಲ್ಲ. ಏನೊಂದೂ ತಿಳಿಯುತ್ತಿಲ್ಲ.

ಜೂನ್ ೧೨, ಗುರುವಾರ

ದೋಣಿ ನಡೆಸುವುದಕ್ಕೆ ಲೈಸೆನ್ಸ್ ಬೇಕು, ಅದಕ್ಕೊಂದು ತರಗತಿ. ಇವರಿಗೆ ಅಷ್ಟು ಹೊತ್ತು ಕುರ್ಚಿಯಲ್ಲಿ ಕೂರಲಾಗದು. ನಾನು ಸೇರಿಕೊಂಡು ಕಲಿತು ಇವರಿಗೆ ಹೇಳಿಕೊಟ್ಟರಾಯಿತೆಂದು ಹೆಸರು ಬರೆಸಿದೆ. ತರಗತಿಯಲ್ಲಿ ನಾನೇ ಅಜ್ಜಿ. ಹಗ್ಗದ ಗಂಟು ಹಾಕುವುದರಲ್ಲಿ ಎಲ್ಲರಿಗಿಂತ ಮುಂದೆ. ಹಾಸಿಗೆ ಹೊಲಿದ ಕೈ, ಸುಮ್ಮನೆಯೇ?

ಜುಲೈ ೨೭, ಭಾನುವಾರ

ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಎದುರಿಗೆ ಎರಡೂ ಕಂಡರೆ ಅವನು ನೇರ ನಮ್ಮ ಮೇಲೇ ಬರುತ್ತಿದ್ದಾನೆಂದು ಅರ್ಥ, ಇಬ್ಬರೂ ಬಲಕ್ಕೆ ಸರಿಯಬೇಕು. ಇವರಿಗೆ ಹೇಳಿಕೊಟ್ಟೆ. ನಾಲ್ಕು ಸಲ ಹೇಳಿದರೂ ಉಲ್ಟಾ ಹೇಳುತ್ತಾರೆ. ಬೇಕೆಂದೇ ಮಾಡುತ್ತಾರೋ ಏನೋ. "ನೀನು ಪಕ್ಕದಲ್ಲಿರ್ತೀಯಲ್ಲ" ಎನ್ನುತ್ತಾರೆ. ಪಕ್ಕದಲ್ಲಿದ್ದರೆ ಸಾಕೇ, ಹಿಡಿದವರಿಗೆ ಗೊತ್ತಿರಬೇಡವೇ?

ಆಗಸ್ಟ್ ೨೪, ಭಾನುವಾರ

ಪಾಸಾದೆ. ಇವರು ಪಾರ್ಕಿನವರೆಗೂ ನಡೆದುಹೋಗಿ, ಬರುವಾಗ ನನಗೊಂದು ಕಪ್ಪು ಕನ್ನಡಕ ತಂದುಕೊಟ್ಟರು. ನನ್ನ ದೋಣಿ ಬರಲು ಇನ್ನು ಏಳು ವಾರ. ಇವರ ದೋಣಿ.

ಅಕ್ಟೋಬರ್ ೧೧, ಶನಿವಾರ

ಏನಾಯಿತೆಂದು ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ಅರ್ಥವಾಗುವುದಿಲ್ಲ.

ಡಾಕ್ಟರು ಒಪ್ಪಿಗೆ ಕೊಟ್ಟಿದ್ದಾರೆ. ಇವತ್ತು ದೋಣಿ ನಮ್ಮ ಕೈಗೆ ಬರುವ ದಿನ. ಮಗಳು ಕಾರಿನಲ್ಲಿ ಕರೆತಂದಳು. ಬಿಳಿಬೂಟು, ಮೇಸ್ತ್ರಿ ಇಬ್ಬರೂ ಬಂದಿದ್ದರು. ಇವರು ದಡದ ಮೇಲೆ ನಿಂತು ದೋಣಿಯನ್ನು ನೋಡಿದರು.   ಹಲಗೆಯ ಬುಡಕ್ಕೆ ಬಂದು ಬೂಟು ಬಿಚ್ಚಿ ಬುಟ್ಟಿಗೆ ಹಾಕಿದವರು ಅಲ್ಲೇ ನಿಂತುಬಿಟ್ಟರು. ಕಾಲು ಮುಂದಕ್ಕೆ ಬರಲೊಲ್ಲದು. ಏಳು ತಿಂಗಳಿಂದ ನಡೆದೂ ನಡೆದೂ ಗಟ್ಟಿಯಾದ ಕಾಲು!

"ಕೈ ಹಿಡ್ಕೊಳ್ಳಿ. ಕಾಲು ನೋಡ್ಬೇಡಿ, ಎದುರಿಗೆ ನೋಡಿ" ಎಂದೆ. ಹಿಡಿದುಕೊಂಡರು. ದಾಟಿದೆವು.

ಎಲ್ಲರೂ ಕಾಯುತ್ತಿದ್ದರು. "ಕೂತ್ಕೊಳ್ಳಿ ರೀ" ಎಂದು ಇವರನ್ನು ಚುಕ್ಕಾಣಿಯ ಸೀಟಿನಲ್ಲಿ ಕೂರಿಸಿದೆ. ಕೂತರು. ಒಮ್ಮೆ ಕತ್ತು ಕುಗ್ಗಿಸಿದರು. ಒಮ್ಮೆ ಚಾಚಿದರು. ಆಗ ಕಂಡಿತು. ಗಾಜಿನ ಮೇಲಿನ ದಪ್ಪ ಪಟ್ಟಿ ಸರಿಯಾಗಿ ಇವರ ಕಣ್ಣಿಗೆ ಅಡ್ಡ ಬಂದಿತ್ತು. ಇವರು ನನಗಿಂತ ಒಂದು ಗೇಣು ಎತ್ತರ. ಸಮುದ್ರ ಇವರ ಕಣ್ಣಿಗೆ ಇರಲೇ ಇಲ್ಲ.

 ಪ್ಲೈವುಡ್ಡಿನ ಸೀಟು, ಪೆನ್ಸಿಲ್ಲಿನ ಗೆರೆ, ಎಲ್ಲ ಕಣ್ಣ ಮುಂದೆ ಬಂತು. ನಡೆಸುವವರೇ ಕೂರಬೇಕೆಂದಿದ್ದ. ನಾನು ಒಂದು ಮಾತೂ ಆಡದೆ ಹೋಗಿ ಕೂತಿದ್ದೆ. ಇವರ ಎತ್ತರ ಇಷ್ಟು ಎಂದು ಹೇಳಬೇಕೆಂಬ ಯೋಚನೆ ಸಹ ಬರಲಿಲ್ಲ. ಮೂವತ್ತು ವರ್ಷದ ಆಸೆ ಇವರದು, ಅದರ ಸೀಟಿಗೆ ನನ್ನ ಅಳತೆ ಕೊಟ್ಟು ಬಂದಿದ್ದೆ!

"ತಪ್ಪಾಯ್ತು ರೀ" ಎಂದೆ.  ಮೇಸ್ತ್ರಿಯ ಕಡೆ ತಿರುಗಿ, "ಇದನ್ನ ಬಿಚ್ಚಿ. ಏನಾದ್ರೂ ಮಾಡಿ. ಅಳತೆ ತಪ್ಪಾಗಿದೆ" ಎಂದೆ.

ಮೇಸ್ತ್ರಿ ಗಲಿಬಿಲಿಯಾದ. "ತಪ್ಪು ಹೇಗಾಗುತ್ತೆ ತಾಯಿ? ಸಾಹೇಬ್ರು ಮುಂಚೆ ಫೋನಲ್ಲಿ ಹೇಳಿದ್ದ ಎತ್ತರ ಬೇರೆ ಇತ್ತು, ನೀವು ಕೂತಾಗ ಬಂದಿದ್ದು ಬೇರೆ. ಅದಕ್ಕೇ ಮಾರನೇ ದಿನ ಸಾಹೇಬ್ರಿಗೇ ಫೋನ್ ಮಾಡಿ ಕೇಳಿದ್ವಿ. ಯಾವುದು ಸರಿ ಅಂತ."

"ಏನಂದ್ರು?"

"ಕೂತವ್ರ ಅಳತೆನೇ ಸರಿ ಅಂದ್ರು."

ನಾನು ಇವರ ಕಡೆ ನೋಡಿದೆ. ಮಗಳೂ ನೋಡಿದಳು. ಇವರು ಸೀಟಿನಿಂದ ನಿಧಾನವಾಗಿ ಎದ್ದರು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನಗುತ್ತಿದ್ದರು.

"ನಂಗೆ ಇನ್ನು ಇದನ್ನ ಹಿಡಿಯೋ ಧೈರ್ಯ ಇಲ್ಲ ಕಣೇ. ಆಸ್ಪತ್ರೆಯಲ್ಲೇ ಹೋಯ್ತು ಅದು. ಹೇಳಕ್ಕೆ ನಾಚಿಕೆ ಆಯ್ತು, ಗೋಡೆ ನೋಡ್ಕೊಂಡು ಮಲಗಿದ್ದೆ. ನಿನ್ನ ಯಾಕೆ ಕಳಿಸ್ದೆ ಗೊತ್ತಾ? ನೀನು ನೀರು ನೋಡಿ ಹೆದರಿ ಬೇಡ ಅಂತೀಯ, ನಂಗೆ ಹೇಳೋ ಕಷ್ಟ ತಪ್ಪುತ್ತೆ ಅಂತ."

ಮಗಳು ಬಾಯಿಗೆ ಕೈ ಹಿಡಿದಳು.

"ನೀನೋ, ಒಂದಿನ ತಲೆ ಬಟ್ಟೆ ಕಳ್ಕೊಂಡು ಕೂದಲೆಲ್ಲ ಕೆದರ್ಕೊಂಡು ಬಂದೆ. ನಂಗೆ ಎದೆನೋವು ಬಂದಾಗಿನಿಂದ ನಿನ್ನ ಮುಖ ಹಾಗೆ ನೋಡೇ ಇರಲಿಲ್ಲ. ನನ್ನ ಗುಳಿಗೆ ಹೊತ್ತು ಕೂಡ ನೀನು ಮರೆತಿದ್ದೆ, ನಾನೇ ತಗೊಂಡೆ. ಅವತ್ತೇ ಗೊತ್ತಾಯ್ತು ಇದು ಯಾರ ದೋಣಿ ಅಂತ. ನಿಂಗೇ ಗೊತ್ತಾಗ್ಲಿಲ್ಲ, ನಾನೇನ್ ಮಾಡ್ಲಿ?"

"ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನನಗೋಸ್ಕರ ಅಂದ್ರೆ ಮಾತ್ರ ನೀನು ಯಾವುದನ್ನಾದ್ರೂ ಮಾಡೋದು."

ಅಳು ಬಂತು, ಸಿಟ್ಟೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ತೋರಿಸಬೇಕೆಂದು ತಿಳಿಯದೆ ಬಿಳಿಬೂಟಿನ ಮೇಲೆ ರೇಗಿದೆ. ಪಾಪ, ಅವನು ಏನೂ ಮಾಡಿರಲಿಲ್ಲ. ಕಾಲುಚೀಲ ಹೊಸದು ಹಾಕಿಕೊಂಡು ಬಂದಿದ್ದ.

ಇವರು ಹಿಂದಿನ ಸೋಫಾದ ಹತ್ತಿರ ಹೋಗಿ ಮುಷ್ಟಿಯಿಂದ ಒಮ್ಮೆ ಗುದ್ದಿ ನೋಡಿದರು. "ಫೋಮ್ ಪರವಾಗಿಲ್ಲ" ಎಂದು ಕೂತರು. ಕಾಲು ಚಾಚಿದರು. ನಾನು ಗುಂಡಿ ಒತ್ತಿದೆ, ಸೂರು ಹಿಂದಕ್ಕೆ ಸರಿಯಿತು. ಇವರು ಕಣ್ಣು ಮುಚ್ಚಿ ಮುಖ ಮೇಲೆತ್ತಿದರು.

ನಾನು ಮುಂದಿನ ಸೀಟಿನಲ್ಲಿ ಕೂತೆ. ಈ ಕೊನೆಯಿಂದ ಆ ಕೊನೆಯವರೆಗೆ ಸಮುದ್ರ, ನಡುವೆ ಒಂದು ಕೂದಲೆಳೆಯೂ ಅಡ್ಡವಿಲ್ಲ. ಇವರ ಸೀಟನ್ನು ನಾನು ಕಿತ್ತುಕೊಂಡೆನೋ, ಇವರೇ ಬಿಟ್ಟುಕೊಟ್ಟರೋ, ಈಗ ಬರೆಯುವಾಗಲೂ ಗೊತ್ತಾಗುತ್ತಿಲ್ಲ. ಕೈ ಮಾತ್ರ ತಾನಾಗಿಯೇ ಹಿಡಿಯ ಮೇಲೆ ಹೋಯಿತು. ಹಗ್ಗ ಬಿಚ್ಚಿದರು, ದೋಣಿ ದಡ ಬಿಟ್ಟಿತು.

"ಯಾವ ಕಡೆ ಹೋಗೋಣ ರೀ?" ಎಂದು ತಿರುಗದೆಯೇ ಕೇಳಿದೆ.

 ತಿರುಗಿ ನೋಡಿದರೆ ನಿದ್ದೆ ಹೋಗಿದ್ದರು, ಬಾಯಿ ತೆರೆದುಕೊಂಡು, ಗಾಳಿ ಕುಡಿಯುತ್ತ. ಎಬ್ಬಿಸಲಿಲ್ಲ. ಎಡಕ್ಕೆ ತಿರುಗಿಸಿದೆ.